ನಿಂತು ಮಾಡುವ ಅಡುಗೆ

ಕೊಡತಿಯ ಏಟು ಎರಡು ಬೀಳುತ್ತಿತ್ತು, ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ, ಮತ್ತೆ ಎರಡು. ಹಿತ್ತಲಿನ ಚಪ್ಪರದಲ್ಲಿ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಿದ್ದ ಸರೋಜ ಆ ಸದ್ದಿಲ್ಲದ ಹೊತ್ತನ್ನೇ ಕೇಳುತ್ತ ಕೂತಿದ್ದಳು. ಹನ್ನೊಂದು ದಿನದಿಂದ ಹೀಗೇ. ಬೇರೆ ಬಡಗಿಗಳ ಕೆಲಸದ ಸದ್ದು ಅವಳು ತವರಿನಲ್ಲಿ ಕೇಳಿದ್ದಳು. ಅದು ಒಂದೇ ಸಮ ಹೋಗುತ್ತದೆ, ಕೇಳುವವರು ಸ್ವಲ್ಪ ಹೊತ್ತಿಗೆ ಅದನ್ನು ಮರೆತೂ ಬಿಡುತ್ತಾರೆ. ಬೊಮ್ಮನ್ ಅಡುಗೆಮನೆಯೊಳಗೆ ಕೂತು ಮಾಡುತ್ತಿದ್ದ ಸದ್ದನ್ನು ಮರೆಯಲು ಆಗುತ್ತಿರಲಿಲ್ಲ. ಎರಡು ಏಟು ಹಾಕುವುದರೊಳಗೆ ಉಳಿ ಅವನ ಎಡಗೈಯಲ್ಲಿ ಜಾರುತ್ತಿತ್ತು. ಆ ಕೈಯ ತೋರುಬೆರಳೂ ನಡುಬೆರಳೂ ಮಡಿಸಲು ಬರುವುದಿಲ್ಲ. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಉಳಿಯನ್ನು ಮತ್ತೆ ಸಿಕ್ಕಿಸಿಕೊಂಡು, ಅದು ನೆಟ್ಟಗಿದೆಯೇ ಎಂದು ನೋಡಿ, ಆಮೇಲೆ ಏಟು ಹಾಕಬೇಕು. ಅನ್ನ ಕುದಿದು ಗಂಜಿ ಕಲ್ಲಿನ ಮೇಲೆ ಚೆಲ್ಲಿತು. ಅತ್ತೆ ಮೊರದಿಂದ ತಲೆಯೆತ್ತಿ, ‘ಸರೋಜಾ, ಎಲ್ಲಿದೀಯ ನೀನು’ ಅಂದರು. ಇಲ್ಲೇ ಇದೀನಿ ಅತ್ತೆ ಅಂದಳು.

ಅಡುಗೆಮನೆಯೊಳಗೆ ಬೊಮ್ಮನ್ ಕಾಲಿಡುವುದು ಹೇಗೆ ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತ್ತು. ಅವನು ಊರಾಳಿಯವನು. ಮರ, ಕಬ್ಬಿಣ, ಬಿದಿರು ಯಾವುದು ಕೈಗೆ ಸಿಕ್ಕರೂ ಕೆಲಸ ಬಲ್ಲ ಕಾಡಿನ ಜನ ಅವರು. ಈ ಮನೆಯ ನೇಗಿಲು, ನೊಗ, ಸರೋಜಳ ಮಗಳು ಮಲಗಿದ ತೊಟ್ಟಿಲು, ಎಲ್ಲ ಅವನ ಕೈಯದು, ಇಲ್ಲವೇ ಅವನ ಅಪ್ಪನ ಕೈಯದು. ಆದರೆ ನೇಗಿಲನ್ನು ಅಂಗಳದಲ್ಲಿ ಕೂತು ಮಾಡಬಹುದು. ಜೈನರ ಮನೆಯ ಒಲೆಯ ಕೋಣೆಗೆ ಕೂಲಿಯಾಳು ಬಂದದ್ದನ್ನು ಕೊಳವಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ. ಅತ್ತೆ ಒಂದು ದಿನವೆಲ್ಲ ಯೋಚಿಸಿ ಕೊನೆಗೆ ತಾವೇ ದಾರಿ ಹುಡುಕಿದ್ದರು. ‘ಒಲೆ ಕಿತ್ತು ಪಾತ್ರೆ ಹೊರಗಿಟ್ಟ ಮೇಲೆ ಅದು ಅಡುಗೆಮನೆಯಲ್ಲ, ಬರೀ ನಾಕು ಗೋಡೆ. ಅವನು ಕೆಲಸ ಮುಗಿಸಿ ಹೋಗ್ಲಿ. ಬಸದಿಯಿಂದ ಗಂಧೋದಕ ತಂದು ಚಿಮುಕಿಸಿದ್ರೆ ಮತ್ತೆ ಅಡುಗೆಮನೆ.’ ಬೊಮ್ಮನ್ ಅಂಗಳದಲ್ಲಿ ನಿಂತು ಇದನ್ನು ಕೇಳಿಸಿಕೊಂಡು ತಲೆಯಾಡಿಸಿದ್ದ, ಯಾರೋ ಹಲಗೆಯ ಉದ್ದ ಅಗಲ ಹೇಳಿದ ಹಾಗೆ. ನಾಚಿಕೆಯಾದದ್ದು ಸರೋಜಳಿಗೆ. ಆದರೂ ಅವಳು ಮಾತಾಡಿರಲಿಲ್ಲ, ಯಾಕೆಂದರೆ ಹತ್ತು ವರ್ಷ ಬೇಡಿ ಸಿಕ್ಕಿದ ಅಡುಗೆಕಟ್ಟೆ ಅದು. ಎಲ್ಲಾದರೂ ಒಂದು ಮಾತು ಹೆಚ್ಚಾಗಿ ಕೈತಪ್ಪಿ ಹೋದರೆ ಎಂಬ ಭಯ ಅವಳಿಗಿತ್ತು.

ನಿಂತುಕೊಂಡು ಅಡುಗೆ ಮಾಡಬಹುದು ಎಂಬುದನ್ನು ಅವಳು ಮೊದಲು ಕಂಡದ್ದು ಕಲ್ಪೆಟ್ಟದ ವಕೀಲರ ಮನೆಯಲ್ಲಿ. ಗಂಡನ ಜೊತೆ ಹೋಗಿದ್ದಳು, ಗಂಡಸರು ಮುಂದಿನ ಕೋಣೆಯಲ್ಲಿ ಜಮೀನಿನ ಮಾತಾಡುತ್ತಿದ್ದರು. ವಕೀಲರ ಹೆಂಡತಿ ಕತ್ತು ನೆಟ್ಟಗಿಟ್ಟುಕೊಂಡು ದೋಸೆ ಹುಯ್ಯುತ್ತ, ಕಿಟಕಿಯಾಚೆ ಬಸ್ಸು ಹೋಗುವುದನ್ನು ನೋಡುತ್ತ ಮಾತಾಡುತ್ತಿದ್ದಳು. ಹೆಂಗಸೊಬ್ಬಳು ಅಡುಗೆ ಮಾಡುತ್ತಲೇ ಕಿಟಕಿಯ ಹೊರಗೆ ನೋಡುವುದು ಸರೋಜಳಿಗೆ ವಿಚಿತ್ರವೆನಿಸಿತ್ತು. ತನ್ನ ಮನೆಯಲ್ಲಿ ಒಲೆ ನೆಲದ ಮೇಲಿತ್ತು. ಕುಕ್ಕುರುಗಾಲಿನಲ್ಲಿ ಕೂತರೆ ಮುಂದೆ ಕಾಣುವುದು ಹೊಗೆ ಹಿಡಿದ ಗೋಡೆ. ಮಗಳನ್ನು ಹೆತ್ತ ಮೇಲೆ ಹಿಡಿದ ಸೊಂಟನೋವು ಬಿಟ್ಟಿರಲಿಲ್ಲ. ಪ್ರತಿ ವರ್ಷ ಕಾಫಿ ಮಾರಿದಾಗ ಅವಳು ಕೇಳುತ್ತಿದ್ದಳು, ಪ್ರತಿ ವರ್ಷ ಗಂಡ ಶಾಂತಿನಾಥ ಮೃದುವಾಗಿಯೇ ‘ನೋಡೋಣ’ ಅನ್ನುತ್ತಿದ್ದ. ಈ ವರ್ಷ ಕೇಳದೆಯೇ, ಮಕರ ತಿಂಗಳ ಕೊನೆಯಲ್ಲಿ, ತೋಟದಲ್ಲಿ ಬಿದ್ದಿದ್ದ ಹಳೆಯ ಹಲಸಿನ ಮರವನ್ನು ಕೊಯ್ಯಿಸಿ ಹಲಗೆ ಮಾಡಿಸಿದ. ಬೊಮ್ಮನಿಗೆ ಹೇಳಿದೀನಿ, ನಿನಗೆ ಹ್ಯಾಗೆ ಬೇಕೋ ಹಾಗೆ ಮಾಡಿಸ್ಕೋ ಅಂದ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಕಟ್ಟೆ ಎಷ್ಟು ಎತ್ತರ ಎಂದು ಬೊಮ್ಮನ್ ಕೇಳಿದಾಗ ಅವಳಿಗೆ ಗೊತ್ತಿರಲಿಲ್ಲ. ‘ಮೊಣಕೈಗಿಂತ ನಾಲ್ಕು ಬೆರಳು ಕೆಳಗಿದ್ರೆ ಸರಿಯಾಯ್ತದೆ ಅಮ್ಮಾ. ಗೋಡೆಗೆ ಒರಗಿ ನಿಲ್ಲಿ. ಮೊಣಕೈ ಎಲ್ಲಿ ಬತ್ತದೋ ಅಲ್ಲಿ ನೀವೇ ಮಸಿ ಹಚ್ಚಿ’ ಎಂದು ಅವನು ಬಾಗಿಲ ಹೊರಗೆ ಹೋಗಿ ನಿಂತ. ಅವಳು ಇದ್ದಿಲಿನಿಂದ ಗುರುತು ಮಾಡಿದಳು. ಅವನು ನೋಡಿ, ‘ಅಮ್ಮ ಕುಗ್ಗಿ ನಿಂತಿದೀರಿ’ ಅಂದ. ‘ಹಂಗೆ ನಿಂತ್ರೆ ಕಟ್ಟೆ ತಗ್ಗಾಯ್ತದೆ. ಆಮೇಲೆ ದಿನಾ ಬಗ್ಗಬೇಕಾಯ್ತದೆ.’ ಅವಳು ಇನ್ನೊಮ್ಮೆ ನಿಂತಳು, ಬೆನ್ನು ಗೋಡೆಗೆ ತಾಗಿಸಿ, ಆದರೆ ಅವನ ಎದುರಿಗೆ ಬೆನ್ನು ನೆಟ್ಟಗಾಗಲಿಲ್ಲ. ಮೂರನೆಯ ಸಲ ಅವನು ಏನೂ ಹೇಳದೆ ಗುರುತಿಗಿಂತ ಎರಡು ಬೆರಳು ಮೇಲೆ ತಾನೇ ಗೀಟೆಳೆದುಕೊಂಡ. ಎಡಗೈಯ ಆ ಎರಡು ಬೆರಳು ಗೋಡೆಯ ಮೇಲೆ ಕಡ್ಡಿಯ ಹಾಗೆ ಚಾಚಿಕೊಂಡಿದ್ದವು. ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು.

ಎರಡು ವರ್ಷದ ಹಿಂದೆ, ಚಳಿಗಾಲ. ಪುಲ್ಪಳ್ಳಿಯ ಕಡೆ ಗಲಾಟೆಯಾಗಿ, ನಕ್ಸಲರು ಕಾಡು ಸೇರಿದ್ದಾರೆಂದು ಎಲ್ಲೆಲ್ಲಿಂದಲೋ ಬಂದ ಪೋಲೀಸರು ಊರೂರು ತಿರುಗುತ್ತಿದ್ದ ದಿನಗಳು. ಇವರ ಮನೆಗೂ ಒಬ್ಬ ಅಧಿಕಾರಿ ಬಂದ. ಶಾಂತಿನಾಥ ಮನೆಯಲ್ಲಿರಲಿಲ್ಲ. ಅಧಿಕಾರಿ ಜಗಲಿಯಲ್ಲಿ ಕೂತು ಅವಳು ಕೊಟ್ಟ ಕಾಫಿ ಕುಡಿದು, ಕಾಫಿ ಚೆನ್ನಾಗಿದೆ ಅಂದ. ಮೈಸೂರಿನಲ್ಲಿ ಓದಿದವನಂತೆ, ಅವಳ ಹತ್ತಿರ ಕನ್ನಡದಲ್ಲೇ ಮಾತಾಡಿದ. ನಿಮ್ಮ ಊರು ಯಾವುದು, ಸರಗೂರೇ, ಇಲ್ಲಿ ಭಯವಾಗುವುದಿಲ್ಲವೇ ಎಂದೆಲ್ಲ ಕೇಳಿದ. ಆಮೇಲೆ, ಈ ಸುತ್ತಿನಲ್ಲಿ ಕಾಡಿನ ದಾರಿ ಬಲ್ಲವರು ಯಾರಾದರೂ ಕೆಲಸಕ್ಕೆ ಬರದೆ ತಪ್ಪಿಸಿಕೊಂಡಿದ್ದಾರೆಯೇ ಎಂದು ಕೇಳಿ ಅವಳ ಕಡೆ ಮುಖ ತಿರುಗಿಸಿದ. ಈ ಮನೆಗೆ ಬಂದಮೇಲೆ ಯಾವ ಗಂಡಸೂ ಅವಳನ್ನು ಒಂದು ವಿಷಯ ಕೇಳಿ ಉತ್ತರಕ್ಕೆ ಕಾದಿರಲಿಲ್ಲ. ‘ಬೊಮ್ಮನ್ ಎರಡು ದಿನದಿಂದ ಬಂದಿಲ್ಲ’ ಅಂದಳು. ಅದು ಸುಳ್ಳಲ್ಲ. ಅದರ ಹಿಂದೆಯೇ ಹೇಳಬೇಕಾದ ಇನ್ನೊಂದು ವಾಕ್ಯ ಅವಳ ಬಾಯಲ್ಲಿತ್ತು: ಅವನ ಹೆಂಡತಿ ನೀಲಿಗೆ ಹೆರಿಗೆ ನೋವು, ಎರಡು ದಿನದಿಂದ ಒದ್ದಾಡುತ್ತಿದ್ದಾಳೆ. ಅದು ಅವಳಿಗೆ ಗೊತ್ತಿತ್ತು; ಹಳೆಯ ಸೀರೆಯೊಂದನ್ನು ಕೊಟ್ಟು ಕಳಿಸಿದವಳೇ ಅವಳು. ಆದರೆ ಅಧಿಕಾರಿ ಲೋಟ ಕೆಳಗಿಟ್ಟು, ‘ಹೌದಾ’ ಎಂದು ಮುಂದಕ್ಕೆ ಬಾಗಿದ್ದ. ಆ ಮುಖದಲ್ಲಿ ಮೂಡಿದ ಆಸಕ್ತಿ ಎರಡನೆಯ ವಾಕ್ಯ ಹೇಳಿದರೆ ಇಳಿದುಹೋಗುತ್ತದೆ ಎಂದು ಅವಳಿಗೆ ತಿಳಿಯಿತು. ಅವಳು ಸುಮ್ಮನಾದಳು. ಅಷ್ಟೇ ನಡೆದದ್ದು. ಆ ಸುಮ್ಮನಿದ್ದ ಗಳಿಗೆ ಎಷ್ಟು ಉದ್ದವಿತ್ತು ಎಂದು ಅವಳು ಎರಡು ವರ್ಷದಿಂದ ಅಳೆಯುತ್ತಿದ್ದಳು.

ಪೋಲೀಸರು ಹಿಡಿದುಕೊಂಡು ಹೋದ ಬೊಮ್ಮನ್ ಒಂಬತ್ತು ದಿನ ಆದಮೇಲೆ, ಎಡಗೈಯ ಎರಡು ಬೆರಳು ಮುರಿದು, ಬಿದಿರಿನ ಗಳಕ್ಕೆ ಕಟ್ಟಿದ ಜೋಲಿಯಲ್ಲಿ ಮನೆಗೆ ಬಂದ. ಮಗು ಉಳಿದಿರಲಿಲ್ಲ. ಅವಳು ಅಕ್ಕಿ ಕಳಿಸಿದಳು, ಬೆಲ್ಲ ಕಳಿಸಿದಳು, ಕಳಪೆ ಕಾಫಿ ಎಂದು ಗಂಡ ಬದಿಗಿಟ್ಟದ್ದನ್ನೂ ಕಳಿಸಿದಳು. ಯಾರಿಗೂ ಏನೂ ಹೇಳಲಿಲ್ಲ.

‘ಸರೋಜಾ, ಸ್ವಲ್ಪ ಒಳಗೆ ಬಾ.’ ಸರೋಜ ಚಪ್ಪರದಿಂದ ಎದ್ದು ಬಂದಾಗ ಶಾಂತಿನಾಥ ನಡುಮನೆಯಲ್ಲಿ ನಿಂತಿದ್ದ. ಕೈಯಲ್ಲಿ ಮಡಿಸಿದ ಕಾಗದ, ಮಸಿಯ ಚಿಕ್ಕ ಡಬ್ಬಿ. ಬೊಮ್ಮನ ಉಳಿಯ ಸದ್ದಿನ ಅಡಿಯಲ್ಲಿ ಮಾತಾಡುವವನ ಹಾಗೆ ದನಿ ತಗ್ಗಿಸಿ ಹೇಳಿದ. ‘ನಾನು ಬತ್ತೇರಿಗೆ ಹೋಗಿ ಸಂಜೆ ಬರ್ತೀನಿ. ಅಷ್ಟರೊಳಗೆ ಇದಕ್ಕೆ ಬೊಮ್ಮನ ಹೆಬ್ಬೆಟ್ಟು ಒತ್ತಿಸಿಕೋ. ಮರದ ರಶೀದಿ ಅನ್ನು.’

‘ನೀವೇ ಕೇಳಬಹುದಲ್ಲ.’

‘ನಾನು ಕೇಳಿದ್ರೆ ಏನೋ ಎತ್ತೋ ಅಂತಾನೆ. ನಿನ್ನ ಮೇಲೆ ಅವನಿಗೆ ವಿಶ್ವಾಸ. ಆವತ್ತು ಅವನು ಬಿದ್ದಿದ್ದಾಗ ಅಕ್ಕಿ ಕಳಿಸಿದವಳು ನೀನಲ್ಲವಾ.’ ಕಾಗದವನ್ನು ಅವಳ ಕೈಗಿತ್ತು, ಕೊಡೆ ತೆಗೆದುಕೊಂಡು ಇಳಿದುಹೋದ. ಕೆಟ್ಟವನಲ್ಲ ಅವನು. ಆಳುಗಳ ಮೇಲೆ ಕೈಯೆತ್ತಿದವನಲ್ಲ, ಕಾಲಡಿಯ ಇರುವೆಯನ್ನೂ ನೋಡಿ ನಡೆಯುವವನು. ಹೋದ ವರ್ಷ ಹೊಸ ಕಾನೂನು ಬಂದಮೇಲೆ ಅವನ ನಿದ್ದೆ ಕೆಟ್ಟಿತ್ತು, ಅಷ್ಟೇ. ಬೇರೆಯವರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಗುಡಿಸಲೂ ಸುತ್ತಿನ ಹತ್ತು ಸೆಂಟೂ ಸೇರುತ್ತದೆ ಎಂದು ಕೆಂಪು ಬಾವುಟದವರು ಹಾಡಿಹಾಡಿಗೆ ಹೋಗಿ ಹೇಳುತ್ತಿದ್ದರು. ಎಷ್ಟೋ ಕಡೆ ಜನ ತಾವೇ ಬೇಲಿ ಸುತ್ತಿಕೊಂಡಿದ್ದರು. ಇವರ ತೋಟದ ಅಂಚಿನಲ್ಲಿ, ಹೊಳೆಗೆ ಇಳಿಯುವ ಕಡೆ, ಬೊಮ್ಮನದು ಸೇರಿ ಮೂರು ಗುಡಿಸಲುಗಳಿದ್ದವು.

ಅವಳು ಕಣಜದ ಕೋಣೆಗೆ ಹೋಗಿ ಬೆಳಕಿಂಡಿಯ ಕೆಳಗೆ ನಿಂತು ಕಾಗದ ಬಿಚ್ಚಿದಳು. ಮಲಯಾಳದಲ್ಲಿ ಬರೆದಿತ್ತು. ಸರಗೂರಿನಲ್ಲಿ ಅವಳು ಓದಿದ್ದು ಕನ್ನಡ, ಆರನೆಯ ತರಗತಿಯವರೆಗೆ. ಆದರೆ ಮಗಳು ಶಾಲೆಗೆ ಹೋಗಲು ಶುರುಮಾಡಿದಾಗ, ಮಗಳ ಪುಸ್ತಕದ ಮೇಲೆ ತಾನೂ ಬೆರಳಿಟ್ಟು, ಒಲೆಯ ಬೂದಿಯಲ್ಲಿ ಬರೆದು ಅಳಿಸಿ, ಯಾರಿಗೂ ತಿಳಿಯದ ಹಾಗೆ ಮಲಯಾಳದ ಅಕ್ಷರ ಕಲಿತಿದ್ದಳು. ಈಗ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಬೊಮ್ಮನ್ ಎಂಬ ನಾನು ಈ ವರ್ಷ ಮಕರ ಮಾಸದಲ್ಲಿ ಶಾಂತಿನಾಥ ಗೌಡರ ಮನೆಯ ಮರಗೆಲಸಕ್ಕೆಂದು ಬಂದವನು. ಕೆಲಸ ಮುಗಿಯುವವರೆಗೆ ತಂಗಲು ಅವರು ಕೊಟ್ಟ ಶೆಡ್ಡಿನಲ್ಲಿ ಇದ್ದೇನೆ. ಕೆಲಸ ಮುಗಿದ ಕೂಡಲೇ ಬಿಟ್ಟು ಹೋಗುತ್ತೇನೆ. ಇದರಲ್ಲಿ ನನಗೆ ಬೇರೆ ಯಾವ ಹಕ್ಕೂ ಇಲ್ಲ. ಅಕ್ಷರಗಳು ದುಂಡಗೆ, ಅಂದವಾಗಿದ್ದವು. ವಕೀಲರ ಗುಮಾಸ್ತನ ಕೈ.

ಮರಗೆಲಸಕ್ಕೆಂದು ಎಂಬಲ್ಲಿ ಅವಳ ಬೆರಳು ನಿಂತಿತು. ಮರಗೆಲಸ ಅಂದರೆ ಯಾವುದು? ಇದೇ. ತನ್ನ ಕಟ್ಟೆ, ತನ್ನ ಕಪಾಟು. ಕೇಳದೆಯೇ ಸಿಕ್ಕಿದ್ದು. ಹತ್ತು ವರ್ಷ ನೋಡೋಣ ಅಂದವನು ಈ ಮಕರದಲ್ಲಿ ಹಲಸಿನ ಮರಕ್ಕೆ ಗರಗಸ ಹಾಕಿಸಿದ. ಕಣ್ಣಲ್ಲಿ ನೀರು ಬಂದಾಗ ಅದನ್ನು ಅವನು ನೋಡಿದ್ದ, ಸೆರಗಿನಿಂದ ಒರೆಸಿಕೊ ಎಂದು ನಕ್ಕಿದ್ದ. ಅವಳಿಗೆ ಕೋಪ ಬರಲಿಲ್ಲ. ಹೊಸ ಸೀರೆಯುಟ್ಟು ನಿಂತಾಗ, ಅದು ಬೇರೆ ಯಾರಿಗೋ ತಂದದ್ದು ಎಂದು ಗೊತ್ತಾದರೆ ಹೇಗಾಗುತ್ತದೋ ಹಾಗಾಯಿತು.

ಊಟವಾದಮೇಲೆ ಅತ್ತೆ ಮಲಗಿದರು. ಸರೋಜ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೋಣೆ ಗುರುತು ಸಿಗದ ಹಾಗೆ ಬದಲಾಗಿತ್ತು. ಒಂದು ಮೂಲೆಯಲ್ಲಿ ಇಟ್ಟಿಗೆಯ ಎತ್ತರದ ಒಲೆ, ಅದರ ಪಕ್ಕದಿಂದ ಕಿಟಕಿಯವರೆಗೆ ಒಂದೇ ಹಲಸಿನ ಹಲಗೆ, ಅರಿಸಿನದ ಹಾಗೆ ಹಳದಿ. ಹಲಗೆಯ ಕೆಳಗೆ ಗೂಡುಗಳು, ಗೋಡೆಯ ಮೇಲೆ ಬೆಕ್ಕು ಇಲಿ ನುಸುಳದ ಹಾಗೆ ಪಟ್ಟಿ ಜೋಡಿಸಿದ ಕಪಾಟು. ಮೊಳೆ ಬೇಕೆನಿಸಿದ ಕಡೆಯಲ್ಲೂ ಅವನು ಮೊಳೆ ಹಾಕಿರಲಿಲ್ಲ. ಮರಕ್ಕೆ ಮರವನ್ನೇ ಕಚ್ಚಿಸಿದ್ದ. ನೆಲದ ತುಂಬ ಸುರುಳಿ ಸುರುಳಿ ಹತ್ತರಿಯ ಸಿಪ್ಪೆ. ಬೊಮ್ಮನ್ ಒಂದು ಬಾಗಿಲನ್ನು ಪಾದದಿಂದ ಅದುಮಿ ಹಿಡಿದು ಅಂಚು ಕೀಸುತ್ತಿದ್ದ.

‘ಬೊಮ್ಮಾ, ಗೌಡರು ಒಂದು ಕಡಲಾಸು ಕೊಟ್ಟು ಹೋಗಿದಾರೆ. ನಿನ್ನ ಹೆಬ್ಬೆಟ್ಟು ಬೇಕಂತೆ. ಮರದ ರಶೀದಿ ಅನ್ನು ಅಂದ್ರು.’

‘ಮರಕ್ಕೆ ಯಾವ ರಶೀದಿ ಅಮ್ಮಾ. ಹಲಸೂ ನಿಮ್ದು, ತೋಟಾನೂ ನಿಮ್ದು.’ ಅವನು ಕೀಸುವುದು ನಿಲ್ಲಿಸಲಿಲ್ಲ.

‘ಅದು ಮರದ ರಶೀದಿ ಅಲ್ಲ’ ಅಂದಳು. ಹೊಸ್ತಿಲಲ್ಲೇ ಕೂತು ಓದಿದಳು. ಓದುತ್ತ ಓದುತ್ತ ಕನ್ನಡದಲ್ಲಿ ಹೇಳಿದಳು. ತಡವರಿಸಿದಲ್ಲೆಲ್ಲ ಅವನು ಕಾದ. ಮುಗಿದಮೇಲೆ, ಶೆಡ್ಡಿನ ಮಾತು ಇನ್ನೊಮ್ಮೆ ಓದಿ ಅಂದ. ಓದಿದಳು.

‘ಕೆಲಸ ಮುಗಿಯೋತನಕ ತಂಗೋಕೆ ಕೊಟ್ಟ ಶೆಡ್ಡು’ ಎಂದು ಅವನು ತನಗೆ ತಾನೇ ಹೇಳಿಕೊಂಡ. ‘ನನ್ನಪ್ಪ ಸತ್ತಿದ್ದು ಆ ಕುಡೀಲಿ. ನಾನು ಹುಟ್ಟಿದ್ದೂ ಅಲ್ಲೆ.’ ಗುಡಿಸಲನ್ನು ಅವರು ಕುಡಿ ಅನ್ನುತ್ತಿದ್ದರು. ‘ಹುಟ್ಟೋಕೂ ಮರದ ಕೆಲಸಕ್ಕೇ ಬಂದಿದ್ದೆ ಅನ್ನಿ.’ ಅವನ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹತ್ತರಿಯ ಬಾಯಲ್ಲಿ ಸಿಕ್ಕಿದ್ದ ಸಿಪ್ಪೆಯನ್ನು ಬಿಡಿಸತೊಡಗಿದ.

ಇಲ್ಲಿಗೆ ಎದ್ದು ಹೋಗಬಹುದಿತ್ತು. ಮಾಡಬೇಕಾದ್ದು ಮಾಡಿದ್ದಳು. ಆದರೆ ಕಾಗದ ಓದಿ ಹೇಳಿದ್ದರಿಂದ ಎದೆಯಲ್ಲಿ ಒಂದು ಬಗೆಯ ಧೈರ್ಯ ಏರಿತ್ತು, ಒಳ್ಳೆಯವಳಾದ ಹುರುಪು. ಅದೇ ಹುರುಪಿನಲ್ಲಿ ಇನ್ನೊಂದನ್ನೂ ಹೇಳಿ ಮುಗಿಸಿಬಿಡೋಣ ಎನಿಸಿತು. ‘ಇನ್ನೊಂದಿದೆ ಬೊಮ್ಮಾ’ ಅಂದಳು. ‘ಆವತ್ತು ಪೋಲೀಸಿನವರಿಗೆ ನೀನು ಎರಡು ದಿನ ಬಂದಿಲ್ಲ ಅಂತ ಹೇಳಿದ್ದು ನಾನು.’

‘ಗೊತ್ತದೆ.’

ಅವಳಿಗೆ ಕೇಳಿದ್ದು ಅರ್ಥವಾಗಲಿಲ್ಲ.

‘ಮೊದಲನೇ ಏಟಿಗೇ ಅವ್ರೇ ಹೇಳಿದ್ರು. ಗೌಡತಿ ಹೇಳವ್ರೆ, ಎರಡು ದಿವಸ ಎಲ್ಲಿ ಹೋಗಿದ್ದೆ ಅಂತ. ಹೆಂಡ್ತಿ ಹೆರಿಗೆ ಅಂದೆ. ಸುಳ್ಳು ಅಂದ್ರು. ಹೆರಿಗೆ ಆಗಿದ್ರೆ ಗೌಡತಿಗೆ ಗೊತ್ತಿರ್ತಿರಲಿಲ್ವಾ, ಅವ್ರು ಹಂಗೆ ಹೇಳ್ಲಿಲ್ವಲ್ಲ ಅಂದ್ರು.’ ಅವನು ಸಿಪ್ಪೆಯನ್ನು ಎಳೆದು ತೆಗೆದು ಬದಿಗೆ ಹಾಕಿದ. ‘ನೀವು ಸೀರೆ ಕೊಟ್ಟು ಕಳಿಸಿದ್ರಿ ಅಂತಲೂ ಹೇಳಿದೆ. ಆ ಮಾತು ಅವ್ರಿಗೆ ಇನ್ನೂ ದೊಡ್ಡ ಸುಳ್ಳಾಗಿ ಕಾಣ್ತು.’

ಎರಡು ವರ್ಷ ತನ್ನ ಬಾಯೊಳಗೇ ಉಳಿದಿದೆ ಎಂದುಕೊಂಡಿದ್ದ ವಾಕ್ಯ ಅಲ್ಲಿ, ಆ ಕೋಣೆಯಲ್ಲಿ, ಇವನ ಬೆರಳುಗಳ ಮೇಲೆ ಬಿದ್ದಿತ್ತು. ಈ ಎರಡು ವರ್ಷವೂ ಇವನು ಅಂಗಳಕ್ಕೆ ಬಂದು ಅಮ್ಮಾ ಎಂದು ಕರೆದಿದ್ದಾನೆ. ಕಳಿಸಿದ ಅಕ್ಕಿಯನ್ನು ಬೇಯಿಸಿ ಉಂಡಿದ್ದಾನೆ. ಅವಳು ಕುಗ್ಗಿ ನಿಂತದ್ದು ಯಾಕೆಂದು ತಿಳಿದೇ ಗೀಟನ್ನು ಮೇಲಕ್ಕೆ ಎಳೆದಿದ್ದಾನೆ.

‘ಮೂರನೇ ದಿವಸ ನಾನೂ ಒಂದು ಹೆಸರು ಹೇಳ್ದೆ ಅಮ್ಮಾ’ ಎಂದ ಬೊಮ್ಮನ್. ಈಗ ಅವನ ದನಿ ಬೇರೆಯಾಗಿತ್ತು. ‘ಯಾರಾದ್ರೂ ಒಬ್ರ ಹೆಸರು ಬೇಕು ಅಂದ್ರು. ಕುಳ್ಳನ್ ಅಂದೆ.’ ಕುಳ್ಳನ್ ಅವನ ಅಕ್ಕನ ಗಂಡ, ಪಕ್ಕದ ಗುಡಿಸಲಿನವನು. ಒಂದು ವರ್ಷ ಜೈಲಿನಲ್ಲಿದ್ದು ಕೆಮ್ಮು ಅಂಟಿಸಿಕೊಂಡು ಬಂದವನು. ಅವನನ್ನು ಯಾಕೆ ಹಿಡಿದರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಅವ್ನು ಏನೂ ಮಾಡ್ದೋನಲ್ಲ. ಜೇನಿಗೆ ಹೋಗಿದ್ದ. ದಿನಾ ಸಾಯಂಕಾಲ ನನ್ನ ಜೊತೆ ಕೂತು ಬೀಡಿ ಸೇದ್ತಾನೆ. ನಿನ್ನ ಬೆರಳು ಹ್ಯಾಗದೆ ಅಂತ ಕೇಳ್ತಾನೆ.’

‘ಅವನಿಗೆ ಹೇಳಿಲ್ಲವಾ?’

‘ಹೇಳಿದ್ರೆ ನನಗೆ ಹಗುರ ಆಯ್ತದೆ. ಅವ್ನಿಗೆ ಏನಾಯ್ತದೆ?’

ಅದು ಕುಳ್ಳನ ವಿಷಯದ ಪ್ರಶ್ನೆಯೇ, ತನ್ನ ವಿಷಯದ್ದೇ ಎಂದು ಅವಳಿಗೆ ಒಂದು ಗಳಿಗೆ ಗೊಂದಲವಾಯಿತು. ಆಮೇಲೆ ಅರ್ಥವಾಗಿ ತಲೆ ತಗ್ಗಿತು. ಬೊಮ್ಮನ್ ಉಳಿಗಳನ್ನು ಗೋಣಿಯಲ್ಲಿ ಸುತ್ತಿದ. ಹೊತ್ತು ಇನ್ನೂ ಇತ್ತು. ಎರಡು ಬಾಗಿಲು ಹಾಕುವುದು ಬಾಕಿಯಿತ್ತು. ‘ಕಡಲಾಸು ನಿಮ್ಮ ಕೈಲೇ ಇರ್ಲಿ. ಗೌಡ್ರಿಗೆ ಏನು ಹೇಳ್ಬೇಕೋ ನೀವೇ ಹೇಳಿ’ ಎಂದು ಅವನು ಹಿತ್ತಲ ಬಾಗಿಲಿನಿಂದ ಇಳಿದು ಹೋದ.

ಶಾಂತಿನಾಥ ಹೊತ್ತು ಮುಳುಗುವುದಕ್ಕೆ ಮೊದಲೇ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಅನ್ನದ ಮೇಲೆ ಸಾರು ಹಾಕಿಸಿಕೊಂಡು, ‘ಆಯ್ತಾ?’ ಅಂದ.

‘ಓದಿ ಹೇಳಿದೆ. ಹೆಬ್ಬೆಟ್ಟು ಬೇಡ ಅಂತ ನಾನೇ ಅಂದುಕೊಂಡೆ.’

ಅವನ ಕೈ ತಟ್ಟೆಯಲ್ಲೇ ನಿಂತಿತು. ಅವಳು ಬೈಗುಳಕ್ಕೆ ಕಾದಳು. ‘ನಿನಗೆ ಮಲಯಾಳ ಓದಕ್ಕೆ ಬರ್ತದಾ?’ ಎಂದು ಕೇಳಿದ ಅವನು. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದವಳನ್ನು ಈಗ ತಾನೇ ಯಾರೋ ಪರಿಚಯ ಮಾಡಿಕೊಟ್ಟ ಹಾಗೆ ನೋಡಿದ.

‘ಅಡುಗೆಮನೆ ಮಾಡಿಸಿದ್ದು ಈ ಕಡಲಾಸಿಗಾ?’

ತಾನೇ ಬಾಯಿಬಿಟ್ಟು ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ‘ಎರಡೂ ಆಗ್ಲಿ ಅಂತ’ ಅಂದ. ‘ವಕೀಲರು ಅಂದ್ರು, ಕೆಲಸಕ್ಕೆ ಬಂದವನು ಅಂತ ತೋರಿಸಕ್ಕೆ ಏನಾದರೂ ಕೆಲಸ ಇರ್ಬೇಕು ಅಂತ. ಆಗ ನನಗೆ ನೀನು ಕೇಳಿದ್ದು ನೆನಪಾಯ್ತು. ಬೇರೆ ಕೆಲಸಾನೂ ಇತ್ತು ಸರೋಜಾ, ಗಾಡಿ ಮಾಡಿಸಬಹುದಿತ್ತು. ನಿನ್ನದೇ ನೆನಪಾಯ್ತು.’ ಅದು ನಿಜ ಎಂದು ಅವಳಿಗೆ ಗೊತ್ತಿತ್ತು, ಮತ್ತು ಅದಕ್ಕೇ ಅದನ್ನು ತೆಗೆದು ಎಸೆಯಲು ಆಗಲಿಲ್ಲ. ‘ಒಬ್ಬನಿಗೆ ಹೋದ್ರೆ ಮೂವರಿಗೂ ಹೋಗ್ತದೆ. ಇವತ್ತು ಹತ್ತು ಸೆಂಟು, ನಾಳೆ ಏನೋ ಯಾರಿಗೆ ಗೊತ್ತು’ ಎಂದು ಅವನು ತಟ್ಟೆಯನ್ನು ನೋಡುತ್ತ ಹೇಳಿದ. ಉಳಿದದ್ದನ್ನು ಬಿಡದೆ ಉಂಡ. ಅನ್ನ ಚೆಲ್ಲುವುದು ಅವನಿಂದ ಆಗದು.

ಮಾರನೆಯ ದಿನ ಬೊಮ್ಮನ್ ಬರಲಿಲ್ಲ. ಹೊಳೆಯ ಕಡೆಯಿಂದ ಗೂಟ ಹೊಡೆಯುವ ಸದ್ದು ಬಂತು. ಅದರ ಮರುದಿನವೂ ಬಂತು. ಸರೋಜ ಹಿತ್ತಲಿನ ಅಂಚಿಗೆ ಹೋಗಿ ನೋಡಿದಳು. ಮೂರು ಗುಡಿಸಲುಗಳ ಸುತ್ತಲೂ ಬೇಲಿ ಏಳುತ್ತಿತ್ತು. ಕುಳ್ಳನ್ ಕೆಮ್ಮುತ್ತ ಬಿದಿರು ಸೀಳುತ್ತಿದ್ದ, ನೀಲಿ ಅದನ್ನು ಬಳ್ಳಿಯಿಂದ ಬಿಗಿಯುತ್ತಿದ್ದಳು, ಗುರುತಿಲ್ಲದ ನಾಲ್ಕಾರು ಜನ ಗುಂಡಿ ತೋಡುತ್ತಿದ್ದರು. ನೀಲಿ ತಲೆಯೆತ್ತಿ ಅವಳನ್ನು ನೋಡಿ ಮತ್ತೆ ಕೆಲಸಕ್ಕೆ ಬಾಗಿದಳು. ಶಾಂತಿನಾಥ ಜಗಲಿಯ ಕುರ್ಚಿಯಿಂದ ಏಳಲಿಲ್ಲ. ಬೇಲಿಯ ಹತ್ತಿರ ಹೋಗಲೂ ಇಲ್ಲ, ಪೋಲೀಸಿಗೆ ಹೇಳಿ ಕಳಿಸಲೂ ಇಲ್ಲ. ಅರ್ಜಿ ಕೊಟ್ಟವರ ಗುಡಿಸಲು ನೋಡಲು ಜಮೀನಿನ ಕಚೇರಿಯವರು ಬರುತ್ತಾರಂತೆ, ಬರಲಿ, ಅವರ ಮುಂದೆ ಮಾತಾಡೋಣ ಅಂದ. ಅತ್ತೆಗೆ ಯೋಚನೆ ಬೇರೆ. ಎಷ್ಟು ದಿನ ಈ ಚಪ್ಪರದಲ್ಲಿ ಬೇಯಿಸುವುದು, ಬಾಗಿಲು ಇಲ್ಲದಿದ್ದರೆ ಇಲ್ಲ, ನಾಳೆ ಗಂಧೋದಕ ತಂದು ಒಳಗೆ ಒಲೆ ಹ‍ಚ್ಚಿಬಿಡೋಣ ಅಂದರು.

ಮೂರನೆಯ ದಿನ ಅತ್ತೆ ಬಸದಿಗೆ ಹೋದ ಸ್ವಲ್ಪ ಹೊತ್ತಿಗೆ ಬೊಮ್ಮನ್ ಬಂದ. ಅಂಗಳದಲ್ಲಿ ನಿಂತು ಜಗಲಿಯ ಕಡೆ, ‘ಎರಡು ಬಾಗಿಲು ಬಾಕಿ ಅದೆ ಗೌಡ್ರೆ’ ಅಂದ. ಶಾಂತಿನಾಥ ಪತ್ರಿಕೆಯನ್ನು ಮುಖದಿಂದ ತೆಗೆಯಲಿಲ್ಲ. ಬೇಡ ಅನ್ನಲೂ ಇಲ್ಲ. ಬೊಮ್ಮನ್ ಬಳಸಿಕೊಂಡು ಹಿತ್ತಲಿನಿಂದ ಒಳಗೆ ಬಂದು ಕೆಲಸ ಹಿಡಿದ. ಬಾಗಿಲು ಎರಡನ್ನೂ ನಿಲ್ಲಿಸಿದ, ತೆಗೆದ, ಮುಚ್ಚಿದ, ಒಂದು ಉಜ್ಜುತ್ತಿದೆ ಎಂದು ಮತ್ತೆ ಬಿಚ್ಚಿ ಕೂದಲೆಳೆಯಷ್ಟು ಕೀಸಿ ಹಾಕಿದ. ಹಳೆಯ ಬಟ್ಟೆಯಲ್ಲಿ ಎಣ್ಣೆ ಅದ್ದಿ ಉದ್ದಕ್ಕೂ ತಿಕ್ಕಿದಾಗ ಹಲಗೆಯ ಹಳದಿ ಗಾಢವಾಗಿ ಒಳಗಿನ ಗೆರೆಗಳೆಲ್ಲ ಎದ್ದವು. ಅವನು ಸ್ವಲ್ಪ ಹಿಂದೆ ಸರಿದು ಅದನ್ನು ನೋಡಿದ ರೀತಿಯಲ್ಲಿ ಯಾವ ಕಾಗದವೂ, ಯಾವ ಗೌಡನೂ ಇರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಿನಂಥದ್ದೇನೋ ಆಯಿತು.

ಅವಳು ಒಳಗೆ ಹೋಗಿ ಹೊಸ ಒಲೆಗೆ ಸೌದೆಯಿಟ್ಟು ಬೆಂಕಿ ಹಚ್ಚಿದಳು. ಅವನು ಇನ್ನೂ ಕೋಣೆಯಲ್ಲೇ ಇದ್ದ. ನೆಟ್ಟಗೆ ನಿಂತು ಕಾಫಿ ಕಾಯಿಸಿದಳು. ಕಿಟಕಿಯಲ್ಲಿ ಪೇರಳೆ ಮರವೂ ಅದರಾಚೆ ಹೊಳೆಯ ಹೊಳಪೂ ಕಂಡವು. ಮನೆಯವರು ಕುಡಿಯುವ ಹಿತ್ತಾಳೆ ಲೋಟದಲ್ಲೇ ಹೊಯ್ದು ಹಲಗೆಯ ಮೇಲಿಟ್ಟಳು. ‘ಇಲ್ಲೇ ಕುಡಿ ಬೊಮ್ಮಾ.’

ಅವನು ಲೋಟವನ್ನೂ ಅವಳನ್ನೂ ನೋಡಿದ. ‘ಬೇಡ ಅಮ್ಮಾ. ನಾನಿಲ್ಲಿ ನಿಂತು ಕುಡಿದ್ರೆ ನಿಮಗೆ ಸಮಾಧಾನ ಆಯ್ತದೆ.’ ಕಟುವಾಗಿ ಹೇಳಲಿಲ್ಲ, ಅಳತೆ ಹೇಳುವ ಹಾಗೆ ಹೇಳಿದ. ‘ಕಚೇರಿಯೋರು ಬಂದು ಎಲ್ಲಾರನ್ನೂ ಕೇಳ್ತಾರಂತೆ. ನೀವು ಮದುವೆಯಾಗಿ ಬಂದ ದಿವಸ ನನ್ನ ಕುಡಿ ಎಲ್ಲಿತ್ತು ಅಂತ ಕೇಳಿದ್ರೆ ಹೇಳ್ತೀರಾ?’

ನಡುಮನೆಯ ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಪತ್ರಿಕೆ ಮಗುಚುವ ಸದ್ದು ನಿಂತಿತ್ತು. ‘ಹೇಳ್ತೀನಿ’ ಅಂದಳು. ತನಗೂ ಸರಿಯಾಗಿ ಕೇಳದ ದನಿ.

‘ಕೇಳಿಸ್ಲಿಲ್ಲ ಅಮ್ಮಾ.’

ಅವನಿಗೆ ಕೇಳಿಸಿತ್ತು. ಮೂರು ಮೊಳ ದೂರದಲ್ಲಿದ್ದ. ಈ ಮನೆಯಲ್ಲಿ ಅವಳು ದನಿಯೆತ್ತಿದ್ದು ಹೆರಿಗೆಯ ದಿನ ಒಂದೇ. ‘ನಾನು ಬಂದ ದಿನ ಬೊಮ್ಮನ ಕುಡಿ ಅಲ್ಲೇ ಇತ್ತು’ ಅಂದಳು, ಜಗಲಿಯ ಕಡೆ ಮುಖ ಮಾಡಿ, ಅಂಗಳದಲ್ಲಿ ಯಾರನ್ನೋ ಕರೆಯುವಷ್ಟು ಗಟ್ಟಿಯಾಗಿ. ‘ಯಾರು ಬಂದು ಕೇಳಿದ್ರೂ ಹಾಗೇ ಹೇಳ್ತೀನಿ.’ ಬೊಮ್ಮನ್ ತಲೆಯಾಡಿಸಿ, ಲೋಟ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು ನಿಧಾನವಾಗಿ ಕಾಫಿ ಕುಡಿದ. ಲೋಟ ತೊಳೆದು ಬೋರಲಿಟ್ಟು, ಗೋಣಿಯ ಗಂಟು ಹೆಗಲಿಗೇರಿಸಿಕೊಂಡು ಹೊಳೆಯ ಕಡೆ ಇಳಿದ.

ಅವನು ಮರೆಯಾಗುವಷ್ಟರಲ್ಲಿ ಅತ್ತೆ ಗಂಧೋದಕದ ಗಿಂಡಿ ಹಿಡಿದು ಬಂದರು. ಒಲೆ ಉರಿಯುತ್ತಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ‘ನಾನು ಬರೋದ್ರೊಳಗೆ ಹಚ್ಚಿಬಿಟ್ಯಾ. ಗೇಟಿನತನಕ ಕೇಳಿಸ್ತು ನಿನ್ನ ದನಿ. ಏನದು ಕೂಗಿದ್ದು?’

ಸರೋಜ ಮತ್ತೆ ಹೇಳಿದಳು. ತಾನು ಈ ಮನೆಗೆ ಬಂದ ದಿನ ಬೊಮ್ಮನ ಕುಡಿ ಅಲ್ಲೇ ಇತ್ತೆಂದು, ಕಚೇರಿಯವರಿಗೆ ಹಾಗೇ ಹೇಳುತ್ತೇನೆಂದು. ಹೇಳಿ, ಗಂಡನ ಮನೆಯ ಮಣ್ಣನ್ನು ಬಾಯಾರೆ ಕೊಟ್ಟವಳಿಗೆ ಬರಬೇಕಾದ ಮಾತಿಗೆ ಕಾದಳು.

ಅತ್ತೆ ದರ್ಭೆಯನ್ನು ಗಿಂಡಿಯಲ್ಲಿ ಅದ್ದಿ, ಹಲಗೆಯ ಮೇಲೆ, ಕಪಾಟಿನ ಮೇಲೆ, ಬಾಗಿಲುಗಳ ಮೇಲೆ ಒಂದೊಂದಾಗಿ ನೀರು ಚಿಮುಕಿಸುತ್ತ ಹೋದರು. ‘ನಾನು ಬಂದಾಗ್ಲೇ ಇತ್ತಲ್ಲ’ ಅಂದರು, ಮಂತ್ರದ ನಡುವೆ ಬಿಡುವು ಮಾಡಿಕೊಂಡು. ‘ಅವನಪ್ಪ ಬಾಗಿಲಲ್ಲಿ ನಿಂತು ನನ್ನ ಪೆಟ್ಟಿಗೆ ಇಳಿಸಿಕೊಂಡ. ಅದನ್ನ ಹೇಳಕ್ಕೆ ಇಷ್ಟು ಕೂಗಬೇಕಾ.’

ಜಗಲಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಶಾಂತಿನಾಥನ ಹೆಜ್ಜೆಗಳು ಅಂಗಳಕ್ಕೆ ಇಳಿದವು, ಅಲ್ಲಿ ಸ್ವಲ್ಪ ಹೊತ್ತು ನಿಂತವು, ಯಾವ ಕಡೆಗೆ ಹೋಗುವುದೆಂದು ಗೊತ್ತಾಗದವನ ಹಾಗೆ.